ದ್ರವಾಹಾರವೂ ನನ್ನ ಹಳೇ ಕೋಟೂ

ಮೈಕು ಕೈಗೆ ಸಿಕ್ಕರೆ ನನ್ನ ನಾಲಿಗೆ ನನ್ನ ಮಾತನ್ನೇ ಕೇಳುವುದಿಲ್ಲ. ನಮ್ಮ ಟೈಲರುಗಳ ಸಂಘದವರು ಹಿರಿಯ ಟೈಲರೆಂದು ನನ್ನನ್ನು ಸನ್ಮಾನಿಸುತ್ತೇವೆ ಎಂದದ್ದೇ ತಡ, ಎದ್ದು ನಿಂತು ಘೋಷಿಸಿಬಿಟ್ಟೆ: "ಅಂಗಡಿ ತೆರೆದ ವರ್ಷ ನನಗೆ ನಾನೇ ಹೊಲಿದುಕೊಂಡ ಕೋಟು ಇನ್ನೂ ಇದೆ. ಅದನ್ನೇ ಹಾಕ್ಕೊಂಡು ಬರ್ತೀನಿ. ಒಂದು ಹೊಲಿಗೆ ಬಿಚ್ಚಿದ್ರೂ ಕೇಳಿ."

ಮನೆಗೆ ಬಂದು ಬೀರುವಿನಿಂದ ಕೋಟು ತೆಗೆದು ತೊಟ್ಟೆ. ತೋಳೇನೋ ಹೋಯಿತು. ಆದರೆ ಗುಂಡಿಗೂ ಕಾಜಕ್ಕೂ ನಡುವೆ ನನ್ನ ಉದರವೆಂಬ ಮಹಾಪರ್ವತ ಅಡ್ಡ ನಿಂತಿತ್ತು.

ಮುಂದಿನ ಕೋಣೆಯೇ ನಮ್ಮ ಅಂಗಡಿ. ಎರಡನೇ ಯಂತ್ರದಲ್ಲಿ ಕೂತು ಅಂಚು ಹೊಲಿಯುತ್ತಿದ್ದ ನನ್ನಾಕೆ ಕನ್ನಡಕದ ಮೇಲಿಂದ ನೋಡಿದಳು.

"ಇಲ್ಲಿ ಕೊಡಿ. ಬೆನ್ನ ಹೊಲಿಗೆ ಒಳಗೆ ಬಟ್ಟೆ ಬಿಟ್ಟಿದ್ದೀರಲ್ಲ, ಬಿಚ್ಚಿ ಸಡಿಲ ಮಾಡ್ತೀನಿ. ಗಿರಾಕಿಗಳಿಗೆಲ್ಲ ಅದನ್ನೇ ತಾನೇ ಮಾಡಿಕೊಡೋದು."

"ಕೋಟಿನ ತಂಟೆಗೆ ಬರಬೇಡ. ಸಭೇಲಿ ಮಾತು ಕೊಟ್ಟಿದ್ದೀನಿ. ಕರಗಬೇಕಾದ್ದು ಹೊಟ್ಟೆ."

ಗಿರಾಕಿಗಳು ಕಾಯುವಾಗ ತಿರುವಿಹಾಕಲೆಂದು ಇಟ್ಟ ಹಳೆಯ ಪತ್ರಿಕೆಯೊಂದರಲ್ಲಿ ದಾರಿ ಸಿಕ್ಕಿತು. ಬರೀ ದ್ರವಾಹಾರ, ಹೊಟ್ಟೆ ತಾನಾಗಿಯೇ ಇಳಿಯುತ್ತದಂತೆ. (ಬರೆದವರ ಹೊಟ್ಟೆಯ ಫೋಟೋ ಹಾಕಿರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು.) ಅಂದೇ ಹಲ್ಲುಗಳಿಗೆ ರಜೆ ಕೊಟ್ಟೆ.

"ಡಾಕ್ಟರನ್ನ ಒಂದು ಮಾತು ಕೇಳ್ರೀ."

"ಕುಡಿಯೋದಕ್ಕೂ ಡಾಕ್ಟರ ಅಪ್ಪಣೆ ಬೇಕೇನೇ?"

ಬೆಳಗ್ಗೆ ಹಣ್ಣಿನ ರಸ, ಮಧ್ಯಾಹ್ನ ತರಕಾರಿ ಬೇಯಿಸಿದ ನೀರು, ಸಂಜೆ ಅದೇ ನೀರು ಸೂಪೆಂಬ ಗೌರವನಾಮದಲ್ಲಿ. ಮೊದಲ ದಿನ ಮೈ ಹಗುರ ಅನ್ನಿಸಿತು. ಆಮೇಲೆ ತಲೆಯೂ ಹಗುರವಾಯಿತು. ಯಂತ್ರದ ಮುಂದೆ ಕೂತದ್ದಕ್ಕಿಂತ ಬಚ್ಚಲಿಗೆ ಓಡಿದ್ದೇ ಹೆಚ್ಚು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಬಿಸ್ಕತ್ತಿನ ಹಾಗೆ ಕಾಣತೊಡಗಿತು. ಹೆಂಡತಿ ಪಕ್ಕದಲ್ಲೇ ಕೂತು ಮೊಟ್ಟೆ ತಿನ್ನುತ್ತಿದ್ದಳು, ಅದೂ ಬಹಳ ನಿಧಾನವಾಗಿ.

ಸಮಾರಂಭದ ಹಿಂದಿನ ದಿನ ನಮ್ಮ ಬೀದಿಯ ಡಾಕ್ಟರು ಪ್ಯಾಂಟು ಹಿಡಿದುಕೊಂಡು ಬಂದರು.

"ಟೈಲರ್ರೇ, ನಿನ್ನೆ ಕೊಟ್ಟ ಪ್ಯಾಂಟಿಗೆ ಜೇಬಿದೆ, ಕೈ ಹಾಕೋಕೆ ದಾರೀನೇ ಇಲ್ಲ. ಎರಡರ ಬಾಯೂ ಹೊಲಿದುಬಿಟ್ಟಿದ್ದೀರಿ."

ಕ್ಷಮೆ ಕೇಳಲು ಎದ್ದೆ. ಕೋಣೆ ಗಿರ್ರನೆ ತಿರುಗಿತು. ಬಟ್ಟೆಯ ಗಂಟಿನ ಮೇಲೆ ಧೊಪ್ಪನೆ ಬಿದ್ದೆ. ಡಾಕ್ಟರು ನಾಡಿ ಹಿಡಿದರು. ನನ್ನಾಕೆ ಪೂರ್ತಿ ಪುರಾಣ ಒಪ್ಪಿಸಿದಳು.

"ದ್ರವಾಹಾರ ಕೆಟ್ಟದ್ದಲ್ಲ ಕಣ್ರೀ," ಎಂದರು ಡಾಕ್ಟರು. "ಆಪರೇಷನ್ನಿಗೆ ಮುಂಚೆ, ಹೊಟ್ಟೆ ಕೆಟ್ಟಾಗ, ಅಗಿಯೋಕೆ ಆಗದಿದ್ದಾಗ ನಾವೇ ಕೊಡ್ತೀವಿ. ಏನು, ಎಷ್ಟು ದಿನ ಅಂತ ನೋಡ್ಕೊಂಡು ಕೊಡ್ತೀವಿ. ನಿಮ್ಮ ಪಾಡಿಗೆ ನೀವು ಮುಂದುವರಿಸಿದ್ರೆ ಕೊಬ್ಬಿನ ಜೊತೆ ಮಾಂಸಖಂಡಾನೂ ಕರಗುತ್ತೆ, ಪಿತ್ತಕೋಶದಲ್ಲಿ ಕಲ್ಲಾಗಬಹುದು. ಊಟ ಶುರು ಮಾಡಿದ ಮೇಲೆ ಹೊಟ್ಟೆ ಮತ್ತೆ ವಾಪಸ್."

"ನಾಳೆ ಒಂದು ದಿನ ಡಾಕ್ಟ್ರೇ, ಕೋಟು..."

"ಕೋಟು ಹಾಳಾಗಲಿ. ಮೊದಲು ಇವರಿಗೆ ತಟ್ಟೆ ಹಾಕಿ, ಸ್ವಲ್ಪ ಸ್ವಲ್ಪವಾಗಿ ಬಡಿಸಿ," ಎಂದು ಹೆಂಡತಿಗೆ ಹೇಳಿ ಹೋದರು.

ಉಂಡೆ. ಮಾನ ಹೋಯಿತೆಂದು ಮರುಗುತ್ತಲೇ ಉಂಡೆ, ಹಾಗೇ ನಿದ್ದೆ ಹೋದೆ. ಮಂಪರಿನಲ್ಲಿ ಎರಡನೇ ಯಂತ್ರದ ಸದ್ದು ಕೇಳಿಸಿತು. ಪಾಪ, ಡಾಕ್ಟರ ಜೇಬು ಸರಿಮಾಡುತ್ತಿದ್ದಾಳೆ ಅಂದುಕೊಂಡೆ.

ಮರುದಿನ ಅವಳೇ ಹಿಂದಿನಿಂದ ಹಿಡಿದ ಕೋಟಿಗೆ ಆಸೆಯಿಲ್ಲದೆ ತೋಳು ತೂರಿಸಿದರೆ ಗುಂಡಿ ಕಾಜದೊಳಗೆ ಸಲೀಸಾಗಿ ಹೋಗಿ ಕೂತಿತು. ಕನ್ನಡಿಯ ಮುಂದೆ ನಿಂತವನ ಕಣ್ಣು ತುಂಬಿಬಂತು.

"ನೋಡಿದೆಯಾ ದ್ರವದ ಮಹಿಮೆ?"

"ನೋಡಿದೆ. ಹೊರಡಿ, ಹೊತ್ತಾಯ್ತು," ಎಂದು ಅವಳು ನನ್ನ ಹಿಂದೆ ಹಿಂದೆಯೇ ನಡೆದು ಬಂದಳು. (ಎಂದೂ ಇಲ್ಲದ ಪತಿಭಕ್ತಿ.)

ವೇದಿಕೆಯಲ್ಲಿ ಮತ್ತೆ ಮೈಕು ಸಿಕ್ಕಿತು. ಇಂದ್ರಿಯನಿಗ್ರಹದ ಬಗ್ಗೆ ಮಾತಾಡಿದೆ. ಬಟ್ಟೆಯನ್ನು ದೇಹಕ್ಕೆ ಹೊಂದಿಸುವವನು ಬರೀ ಟೈಲರು, ದೇಹವನ್ನು ಬಟ್ಟೆಗೆ ಹೊಂದಿಸುವವನು ಯೋಗಿ ಎಂದೆ. ಆಮೇಲೆ ಫಲಕ ತೆಗೆದುಕೊಳ್ಳಲು ಅಧ್ಯಕ್ಷರ ಕಡೆ ತಿರುಗಿದೆ, ಅಂದರೆ ಸಭೆಗೆ ಬೆನ್ನು ಹಾಕಿದೆ.

ಮೊದಲು ಮುಂದಿನ ಸಾಲು ನಕ್ಕಿತು, ಆಮೇಲೆ ಇಡೀ ಸಭೆ. ಅಧ್ಯಕ್ಷರು ಬಂದು ನನ್ನ ಬೆನ್ನ ಮೇಲೆ ಬೆರಳಾಡಿಸಿದರು. ಕೋಟು ವರ್ಷಗಟ್ಟಲೆ ಬಿಸಿಲು ಕಂಡು ಬಣ್ಣ ಬಿಟ್ಟಿತ್ತು. ಹೊಲಿಗೆಯೊಳಗೆ ಅಡಗಿದ್ದ ಬಟ್ಟೆ ಮಾತ್ರ ಅಂಗಡಿಯಿಂದ ತಂದ ದಿನದಷ್ಟೇ ಕಡುನೀಲಿ. ಅದೀಗ ಕೊರಳಪಟ್ಟಿಯಿಂದ ಅಂಚಿನವರೆಗೆ ಅಗಲವಾದ ಪಟ್ಟೆಯಾಗಿ ಬೆನ್ನ ನಡುವೆ ಇಳಿದಿತ್ತು. ಅದನ್ನು ನೋಡದವನು ಆ ಸಭೆಯಲ್ಲಿ ನಾನೊಬ್ಬನೇ.

"ಹೊಲಿಗೆ ಬಹಳ ನೇರ ಬಂದಿದೆ. ಯಾರ ಕೈಯದು?" ಎಂದರು ಅಧ್ಯಕ್ಷರು.

"ನಂದೇ," ಎಂದಳು ನನ್ನಾಕೆ, ಕೂತಲ್ಲಿಂದಲೇ.

ಅವಳನ್ನೂ ವೇದಿಕೆಗೆ ಕರೆದರು. ಫಲಕ ನನ್ನ ಕೈಗೆ ಬಂತು, ಚಪ್ಪಾಳೆಯೆಲ್ಲ ಅವಳಿಗೆ ಹೋಯಿತು.

ಸಿಟ್ಟು ಮಾಡಬೇಕೆಂದುಕೊಂಡೇ ಊಟಕ್ಕೆ ಕೂತೆ. ಆದರೆ ಊಟ ಚೆನ್ನಾಗಿತ್ತು. ಎರಡು ಸಲ ಬಡಿಸಿಕೊಂಡ ಮೇಲೆ, ಗುಂಡಿ ಹಾರೀತೆಂದು ಮೆಲ್ಲಗೆ ಹೊಟ್ಟೆ ಮುಟ್ಟಿ ನೋಡಿದೆ. ಎಲ್ಲೂ ಬಿಗಿಯಿರಲಿಲ್ಲ.

"ಮೂರನೇ ಸಲಾನೂ ಹಾಕಿಸ್ಕೊಳ್ಳಿ," ಎಂದಳು ಪಕ್ಕದಲ್ಲಿ ಕೂತವಳು. "ಊಟಾನೂ ಸೇರಿಸಿಯೇ ಅಳತೆ ಹಿಡಿದಿದ್ದೀನಿ."