ಒಡೆದ ಗೋಡೆ, ಒಡೆಯದ ಲಕೋಟೆ

ಈ ಭೂಮಿಯ ಮೇಲೆ ಲಾಸ್ಟ್ ಕೆಟಲ್ ಊರಿನ ಅಂಚೆ ಮುದ್ರೆ ಬಿದ್ದ ಲಕೋಟೆ ಒಂದೇ ಒಂದು ಉಳಿದಿದ್ದರೂ ಅದು ಪರ್ಸಿ ಟ್ರೆಂಬತ್‌ನ, ಅಂದರೆ ನನ್ನ, ಕೈ ಸೇರಲೇಬೇಕು ಎಂದು ಗಣಿ ಕೆಲಸದಿಂದ ನಿವೃತ್ತನಾದ ದಿನವೇ ಪ್ರತಿಜ್ಞೆ ಮಾಡಿದೆ. ಎಂಥ ಪ್ರತಿಜ್ಞೆ! ನಮ್ಮ ಬೌಲ್ಡರ್ ಪಟ್ಟಣದ ಗಣಿಗಳೆಲ್ಲ ಸದ್ದಡಗಿಸಿ ಕೇಳಿಸಿಕೊಂಡವು. (ಅದು ಪಾಳಿ ಬದಲಾಗುವ ಹೊತ್ತು ಎಂದು ನನ್ನ ಹೆಂಡತಿ ಎಲ್ವಾ ವಾದಿಸುತ್ತಾಳೆ.)

ಲಾಸ್ಟ್ ಕೆಟಲ್ ಚಿನ್ನ ಸಿಕ್ಕಿತೆಂದು ಒಂದು ವಾರದಲ್ಲಿ ಎದ್ದ ಊರು, ಚಿನ್ನ ಮುಗಿಯಿತೆಂದು ಒಂದು ವಾರದಲ್ಲಿ ಮಲಗಿದ ಊರು. ಅದರ ಅಂಚೆ ಕಚೇರಿ ಬದುಕಿದ್ದು ಹನ್ನೊಂದು ವಾರ. ಮುದ್ರೆಯ ಶಾಯಿ ಒಣಗುವ ಮೊದಲೇ ಊರು ಒಣಗಿತ್ತು! ಇಂಥ ಸತ್ತ ಊರುಗಳ ಲಕೋಟೆ ನನ್ನ ಬಳಿ ನಾನೂರ ಹದಿನಾರಿವೆ. ಒಳಗಿನ ಕಾಗದ ಒಂದನ್ನೂ ಓದಿಲ್ಲ. ಒಳಗಿರುವುದು ಯಾರದೋ ಮನೆಯ ಗೋಳು, ಹೊರಗಿರುವುದು ಚರಿತ್ರೆ! ಬಾಯಿ ಒಡೆಯದ ಲಕೋಟೆಯಂತೂ ನನಗೆ ದೇವರ ಸಮಾನ.

“ನಲವತ್ತು ವರ್ಷದಿಂದ ನನ್ನೂ ಹಾಗೇ ನೋಡ್ಕೊಂಡು ಬಂದಿದೀಯ,” ಅನ್ನುತ್ತಾಳೆ ಎಲ್ವಾ. “ಬರೀ ಹೊರಗಿಂದ.”

ಬೆಂಕಿ ಹಚ್ಚಿದವನು ಪಕ್ಕದ ಮನೆಯ ಯೂರೆ. ಕಡಲಾಚೆಯ ಡಾಲ್ಮೇಷಿಯಾದಿಂದ ಬಂದು ನನ್ನ ಜೊತೆ ಮೂವತ್ತು ವರ್ಷ ನೆಲದಡಿ ಬಂಡೆ ಕೊರೆದವನು. ನನ್ನಷ್ಟೇ ಲಕೋಟೆಯ ಹುಚ್ಚ. ಬುಧವಾರ ಬೇಲಿಯ ಮೇಲೆ ಗದ್ದ ಊರಿ ಕೇಳಿದ:

“ಅಲ್ಲಯ್ಯಾ ಪರ್ಸಿ, ನಿಮ್ಮಜ್ಜ ಈ ಮನೇನ ಲಾಸ್ಟ್ ಕೆಟಲ್‌ನಲ್ಲಿ ಕೊಂಡು, ಬಿಚ್ಚಿ, ಒಂಟೆ ಗಾಡೀಲಿ ಹೇರ್ಕೊಂಡು ಬಂದಿದ್ದಲ್ವಾ?”

“ಹೌದು. ಕಂಬ, ಹಲಗೆ, ತಗಡು, ಎಲ್ಲಾನೂ.”

“ಆಗೆಲ್ಲ ಗೋಡೆಗೆ ಗೋಣಿತಾಟು ಬಡಿದು, ಮೇಲೆ ಕೈಗೆ ಸಿಕ್ಕಿದ ಕಾಗದ ಮೈದಾ ಅಂಟಲ್ಲಿ ಮೆತ್ತೋರು. ನ್ಯೂಸ್‌ಪೇಪರು, ಟೀ ಪೊಟ್ಟಣ...” ಸ್ವಲ್ಪ ತಡೆದ. “ಲಕೋಟೆ.”

ಅಷ್ಟೇ! ನನಗೆ ಊಟ ಸೇರಲಿಲ್ಲ. ಅಡುಗೆಮನೆ ಗೋಡೆಗೆ ಕಿವಿಯಿಟ್ಟು ಡಾಕ್ಟರ ಹಾಗೆ ಎರಡು ಬೆರಳಿನಿಂದ ತಟ್ಟಿದೆ.

“ಏನಂತೆ, ಗೋಡೆಗೆ ನೆಗಡಿನಾ?” ಎಂದಳು ಎಲ್ವಾ.

“ಒಳಗೇನಿದೆ ಅಂತ ಕುತೂಹಲ ಕಣೇ.”

“ಭಾನುವಾರ ನಮ್ಮ ಮದುವೆಗೆ ನಲವತ್ತು ವರ್ಷ. ಮಧ್ಯಾಹ್ನ ಇಲ್ಲೇ ಊಟ. ಅಲ್ಲೀವರೆಗೆ ಆ ಗೋಡೆ ಗೋಡೆಯಾಗೇ ಇರ್ಬೇಕು.”

“ನಾನು ಮುಟ್ಟೋದೂ ಇಲ್ಲ!”

ಗುರುವಾರ ಅವಳು ಹುಲ್ಲಿನ ಮೇಲೆ ಚೆಂಡುರುಳಿಸುವ ಬೋಲ್ಸ್ ಆಟಕ್ಕೆ ಹೋದಳು. ಸತ್ಯವಾಗಿ ಹೇಳುತ್ತೇನೆ, ನಾನು ಗೋಡೆ ಮುಟ್ಟಲಿಲ್ಲ. ಮುಟ್ಟಿದ್ದು ಕೆಟಲಿನ ಹಬೆ ಮತ್ತು ಬೆಣ್ಣೆ ಹಚ್ಚುವ ಚಾಕು.

ಮೊದಲು ಹಳದಿ ಬಣ್ಣ ಬಂತು. ಅದರಡಿ ಹಸಿರು, ಅದರಡಿ ಸುಣ್ಣ, ಅದರಡಿ ಯಾವುದೋ ರಾಜನ ಪಟ್ಟಾಭಿಷೇಕದ ಸುದ್ದಿ, ರಾಜನಡಿ ಕುದುರೆ ಮುಲಾಮಿನ ಜಾಹೀರಾತು. ಏಳನೆಯ ಪದರದಲ್ಲಿ ಕಣ್ಣು ಬಿಟ್ಟಿತು ದುಂಡನೆಯ ಕಪ್ಪು ಮುದ್ರೆ: ಲಾಸ್ಟ್ ಕೆಟಲ್! ಬಾಯಿ ಒಡೆಯದ, ಕಾಗದ ಒಳಗೇ ಇದ್ದ ಲಕೋಟೆ! ಹೆಸರು? ನನ್ನಜ್ಜ ಹೆಡ್ಲಿ ಟ್ರೆಂಬತ್, ಬೌಲ್ಡರ್!

ಮೆಲ್ಲಗೆ ಎಳೆದೆ. ಲಕೋಟೆ ಬಂತು. ಜೊತೆಗೆ ಗೋಡೆಯೂ ಬಂತು.

ಕಂಬಗಳ ಒಳಗೆಲ್ಲ ಗೆದ್ದಲು ತಿಂದು ಬರೀ ಗಾಳಿ ಉಳಿಸಿತ್ತು. ಇಷ್ಟು ವರ್ಷ ನಮ್ಮ ಮನೆಯನ್ನು ಎತ್ತಿ ಹಿಡಿದದ್ದು ಮೈದಾ ಅಂಟು! ಶೆಲ್ಫು ಬಿತ್ತು, ಎಲ್ವಾಳ ಕ್ವಾಂಡಾಂಗ್ ಹಣ್ಣಿನ ಜಾಮಿನ ಮೂವತ್ತಾರು ಬಾಟಲಿ ಬಿದ್ದವು, ಎದ್ದ ಕೆಂಧೂಳಿಗೆ ಆರುನೂರು ಕಿಲೋಮೀಟರ್ ಆಚೆಯ ಪರ್ತ್ ನಗರದಲ್ಲಿ ಜನ ಸೀನಿರಬೇಕು. ಧೂಳು ಇಳಿದಾಗ ಗೋಡೆಯಿದ್ದ ಕಡೆ ಯೂರೆಯ ಮುಖವಿತ್ತು.

“ಪರ್ಸಿ! ಮುದ್ರೆ ಸ್ಪಷ್ಟವಾಗಿದ್ಯಾ?”

ಎಲ್ವಾ ಬಂದವಳು ಬಾಗಿಲಿನ ತಂಟೆಗೇ ಹೋಗಲಿಲ್ಲ. ನೇರ ಹಿತ್ತಿಲಿಂದ ಒಲೆಯ ಮುಂದಕ್ಕೆ ನಡೆದು ಬಂದಳು. ಕೂಗಾಡಲಿಲ್ಲ. ಅದೇ ಭಯ ಹುಟ್ಟಿಸಿದ್ದು.

“ಹಳೇ ಗಣಿ ಕಾಲ ಅಷ್ಟು ಇಷ್ಟ ಅಲ್ವಾ? ಅವರ ಥರಾನೇ ಡೇರೇಲಿ ಇರು ಹೋಗು.”

ಹೀಗೆ ನಾನು ಹಿತ್ತಿಲ ಮರದ ಕೆಳಗೆ ಡೇರೆ ಹಾಕಿದೆ. ಗೋಡೆಯ ಜಾಗಕ್ಕೆ ಎಲ್ವಾ ಟಾರ್ಪಾಲು ಕಟ್ಟಿದಳು. ಭಾನುವಾರದೊಳಗೆ ಒಳಗೆ ಕರೆಯುತ್ತಾಳೋ ಇಲ್ಲವೋ ಎಂಬುದೇ ನನ್ನ ಚಿಂತೆ.

ಶುಕ್ರವಾರ ಬೆಳಿಗ್ಗೆ ಡೇರೆಯ ಬಾಯಲ್ಲಿ ಒಂದು ಲಕೋಟೆ! ಅಂಚೆ ಚೀಟಿಯ ಜಾಗದಲ್ಲಿ ಕತ್ತರಿಸಿದ ಜಾಮಿನ ಲೇಬಲ್ಲು. ಅದರ ಮೇಲೆ ಆಲೂಗಡ್ಡೆಯಲ್ಲಿ ಕೆತ್ತಿ, ಬೀಟ್‌ರೂಟ್ ರಸದಲ್ಲಿ ಅದ್ದಿ ಒತ್ತಿದ ದುಂಡು ಮುದ್ರೆ: ‘ಹಿತ್ತಿಲ ಗಣಿ’. ತಾರೀಖೂ ಇತ್ತು!

ನಾನು ಡೇರೆಯೊಳಗೇ ಕುಣಿದೆ. ಹೊಚ್ಚ ಹೊಸ ಊರು, ಜನಸಂಖ್ಯೆ ಒಂದು, ಅಂಚೆ ಕಚೇರಿಯ ಮೊದಲ ದಿನ! ಇದನ್ನು ಒಡೆಯುವುದೇ? ಎರಡು ತಟ್ಟೆಗಳ ನಡುವೆ ಭದ್ರವಾಗಿಟ್ಟೆ. ಶನಿವಾರ ಎರಡನೆಯದು ಬಂತು, ಮುದ್ರೆ ಇನ್ನೂ ಚೆನ್ನಾಗಿ ಮೂಡಿತ್ತು. ಯೂರೆ ಎರಡಕ್ಕೂ ಸೇರಿ ತನ್ನ ಹನ್ನೆರಡು ಸತ್ತ ಊರು ಕೊಡುತ್ತೇನೆಂದ. ನಾನು ಬಗ್ಗಲಿಲ್ಲ. ಡಬ್ಬಿಯ ಬೀನ್ಸ್ ತಣ್ಣಗೆ ತಿನ್ನುತ್ತಾ, ಕರೆ ಬರಲೆಂದು ಘನತೆಯಿಂದ ಕಾದೆ.

ಭಾನುವಾರ ಕುರಿಮಾಂಸ ಬೇಯುವ ಪರಿಮಳ ಹಿತ್ತಿಲಿಗೆಲ್ಲ ಹರಡಿತು. ಯೂರೆ ಬಿಳಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಮೆತ್ತಿ, ಟಾರ್ಪಾಲು ಸರಿಸಿ ಒಳಗೆ ಹೋದ. ಒಂದು ಗಂಟೆಯಾಯಿತು. ಎರಡಾಯಿತು. ನನ್ನನ್ನು ಕರೆಯುವವರಿಲ್ಲ!

ಕೊನೆಗೆ ಎಲ್ವಾ ಬಂದಳು. ಕಣ್ಣು ಕೆಂಪಗಿತ್ತು.

“ನನ್ನ ಕಾಗದ ತಲುಪ್ತಾ?”

“ತಲುಪಿತು! ಎಲ್ವಾ, ಅದ್ಭುತ! ಒಂದು ಗೀರಿಲ್ಲ, ಒಂದು ಮಡಿಕೆ ಇಲ್ಲ!”

“ಏನು ಬರೆದಿತ್ತು?”

“ಹಿತ್ತಿಲ ಗಣಿ ಅಂತ...”

ಅವಳು ತಟ್ಟೆ ಎತ್ತಿ, ಮೊದಲ ಲಕೋಟೆಯನ್ನು ಹೆಬ್ಬೆರಳಿನಿಂದ ಚರ್ರನೆ ಹರಿದಳು. ನಾನು ಕಿರುಚಿದೆ, ಮರದ ಮೇಲಿನ ಗಿಳಿಗಳೆಲ್ಲ ಊರು ಬಿಟ್ಟವು.

“‘ಪರ್ಸಿ, ಕೋಪ ಇಳಿದಿದೆ. ಹೊರಗೆ ಚಳಿ. ಒಳಗೆ ಬಾ.’ ಇದು ಶುಕ್ರವಾರದ್ದು.” ಎರಡನೆಯದನ್ನೂ ಹರಿದಳು. “‘ನಿನ್ನೆ ಬರಲಿಲ್ಲ. ಭಾನುವಾರ ಒಂದು ಗಂಟೆಗೆ ಊಟ. ಅದಕ್ಕೂ ಬರದಿದ್ರೆ ನಾನೇ ಬೇಡ ಅಂತ ತಿಳ್ಕೋತೀನಿ.’ ಒಂದು ಗಂಟೆಯಿಂದ ನಾನು ಹಾಗೇ ತಿಳ್ಕೊಂಡು ಕೂತಿದ್ದೆ ಪರ್ಸಿ! ಗೋಡೆ ಒಳಗೇನಿದೆ ಅಂತ ನೋಡೋಕೆ ಮನೇನೇ ಬೀಳಿಸ್ದೆ. ಕಾಗದದ ಒಳಗೆ ನೋಡೋಕೆ ಏನು ದಾಡಿ ನಿಂಗೆ?”

ಜೇಬಿನಿಂದ ಅಜ್ಜನ ಲಕೋಟೆ ತೆಗೆದು ತಲೆ ತಗ್ಗಿಸಿ ಅವಳ ಕೈಗಿಟ್ಟೆ. “ಇದನ್ನೂ ಹರಿ.”

ಹರಿದಳು. ಮಾಂಸದ ತುಂಡು ಕಚ್ಚಿಕೊಂಡೇ ಹೊರಬಂದ ಯೂರೆ ಎದೆ ಹಿಡಿದುಕೊಂಡ. ಎಲ್ವಾ ಗಟ್ಟಿಯಾಗಿ ಓದಿದಳು:

“‘ಮಾನ್ಯ ಟ್ರೆಂಬತ್ ಅವರೆ, ನೀವು ಕೊಂಡ ಮನೆಯನ್ನು ದಯವಿಟ್ಟು ಸಾಗಿಸಬೇಡಿ. ಕಂಬಗಳಿಗೆ ಗೆದ್ದಲು ಹಿಡಿದಿರುವುದು ಇಂದು ತಿಳಿಯಿತು. ಬಂದು ನಿಮ್ಮ ಹಣ ಹಿಂದಕ್ಕೆ ಪಡೆಯಿರಿ.’”

ಅಜ್ಜ ಅದನ್ನು ಒಡೆಯದೆ ನೀಟಾಗಿ ಗೋಡೆಗೆ ಅಂಟಿಸಿದ್ದ!

ಎಲ್ವಾಳ ತುಟಿ ನಡುಗಿತು. ಅಳುತ್ತಾಳೆಂದುಕೊಂಡೆ. ನಕ್ಕಳು, ನಗುತ್ತಾ ಡೇರೆಯ ಹಗ್ಗ ಹಿಡಿದು ಕೂತೇಬಿಟ್ಟಳು. ಆಮೇಲೆ ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡು ಎದ್ದಳು.

“ಒಳಗೆ ಬಾ, ಮಾಂಸ ಆರ್ತಾ ಇದೆ,” ಎಂದಳು. “ಇದನ್ನ ನಾನು ಬರೆದು ಕಳಿಸಲ್ಲ.”