ಮಖಮಲ್ಲು ತೊಟ್ಟ ಸವತಿ

ಸವತಿ ಎಂದರೆ ಎರಡು ಕಾಲಿನವಳೇ ಆಗಿರಬೇಕೆಂದು ಎಲ್ಲೂ ಬರೆದಿಲ್ಲ. ಟೈಲರಮ್ಮನ ಪಾಲಿಗೆ ಬಂದವಳಿಗೆ ನಾಲ್ಕು ಚಕ್ರಗಳಿದ್ದವು. ಹೊರಗೆ ಬೂದು ಮೈ, ಒಳಗೆ ಕೆನೆಬಣ್ಣದ ಚರ್ಮದ ಸೀಟುಗಳು. ಈಗಾಗಲೇ ಇನ್ನೊಂದು ಮನೆಯಲ್ಲಿ ಬಾಳಿ ಬಂದವಳು (ಅಂದರೆ ಸೆಕೆಂಡ್ ಹ್ಯಾಂಡು), ಆದರೂ ಗತ್ತಿಗೇನೂ ಕಡಿಮೆ ಇರಲಿಲ್ಲ. ಗಂಡ ಬೆಳಿಗ್ಗೆ ಎದ್ದ ಕೂಡಲೇ ಅವಳ ಮುಖ ನೋಡುತ್ತಿದ್ದ, ಮೆತ್ತನೆಯ ಬಟ್ಟೆಯಿಂದ ಮೈ ಒರೆಸುತ್ತಿದ್ದ, ಸೀಟುಗಳಿಗೆ ಅದೇನೋ ಕ್ರೀಮು ತಿಕ್ಕುತ್ತಿದ್ದ. ಟೈಲರಮ್ಮ ಮುಖಕ್ಕೆ ಹಚ್ಚಿಕೊಳ್ಳುವ ಕ್ರೀಮಿಗಿಂತ ಅದರ ವಾಸನೆ ಚೆನ್ನಾಗಿತ್ತು. ಹೊಟ್ಟೆ ಉರಿಯದೆ ಇನ್ನೇನಾದೀತು?

ಗಂಡನದು ಕನ್ನಡಕದ ಅಂಗಡಿ. ಊರವರ ಕಣ್ಣಿನ ಐಬನ್ನೆಲ್ಲ ಪತ್ತೆ ಹಚ್ಚುವ ಮಹಾನುಭಾವ. ಆದರೆ ಹೆಂಡತಿ ಉದ್ದ ಕೂದಲನ್ನು ಭುಜದವರೆಗೆ ಕತ್ತರಿಸಿಕೊಂಡು ಬಂದು ಎದುರಿಗೇ ಸುಳಿದಾಡಿದರೂ ಆ ದಿವ್ಯದೃಷ್ಟಿಗೆ ಬಿದ್ದಿರಲಿಲ್ಲ. ತಡೆಯಲಾರದೆ ಅವಳೇ ಬಾಯಿಬಿಟ್ಟಾಗ, ಫ್ಯಾನಿನ ಗಾಳಿಗೆ ಹಾಗೆ ಕಾಣುತ್ತಿದೆ ಅಂದುಕೊಂಡಿದ್ದೆ ಎಂದಿದ್ದ.

ಅಂಥವನು ಶನಿವಾರ ಬೆಳಿಗ್ಗೆ ಕಾರಿನ ಬಾಗಿಲು ತೆರೆದವನೇ, ತನ್ನ ಪಕ್ಕದ ಸೀಟಿನ ಅಂಚಿನಲ್ಲಿ ಉಗುರಿನಷ್ಟು ಹರಿದಿದ್ದನ್ನು ಕಂಡುಹಿಡಿದ. ಒಳಗೆ ಓಡಿ ಭೂತಗನ್ನಡಿ ತಂದ, ನೆಲಕ್ಕೆ ಮೊಣಕಾಲೂರಿ ನೋಡಿದ, ಸೀಟು ರಿಪೇರಿಯವನಿಗೆ ಫೋನು ಮಾಡಿ ತಗ್ಗಿದ ದನಿಯಲ್ಲಿ ರೋಗಲಕ್ಷಣ ವಿವರಿಸಿದ. "ಯಾವಾಗ ಆಯ್ತೋ ಗೊತ್ತಿಲ್ಲ. ಪಾಪ, ಬಾಯಿಬಿಟ್ಟು ಏನೂ ಹೇಳ್ಕೊಳ್ಳಲ್ವಲ್ಲ," ಎಂದು ಅವನು ಹೇಳಿದ್ದು ಟೈಲರಮ್ಮನ ಕಿವಿಗೆ ಬಿತ್ತು. ಮೊನ್ನೆ ಮೊನ್ನೆ ಮೆಷೀನಿನ ಸೂಜಿ ಅವಳ ಬೆರಳಿನೊಳಗೇ ಇಳಿದಾಗ ಇದೇ ಗಂಡ ಪೇಪರಿನ ಹಿಂದಿನಿಂದ, ಬಟ್ಟೆಗೆ ರಕ್ತ ಆಗಿಲ್ಲ ತಾನೆ ಎಂದು ವಿಚಾರಿಸಿದ್ದ.

ರಿಪೇರಿಯವನು ಸೋಮವಾರ ಬರುವುದಾಗಿ ಹೇಳಿದ. ಹರಿದ ಕಡೆ ಒಳಗಿನಿಂದ ತುಂಡೊಂದನ್ನು ತೂರಿಸಿ ಅಂಟು ಹಾಕಬೇಕಂತೆ, ಮೇಲೆ ಬಣ್ಣ ಕೂಡಿಸಬೇಕಂತೆ. ಗಂಡ ಫೋನಿಟ್ಟು, ಹೊಲಿಗೆಯನ್ನೇ ಉಸಿರಾಡುವ ಹೆಂಡತಿಗೆ ವಿಷಯ ತಿಳಿಸಿದ.

"ಏನಾದ್ರೂ ಮಾಡಿ, ಸೂಜಿ ಮಾತ್ರ ಹಾಕ್ಬೇಡಿ ಅಂದಿದ್ದಾನೆ."

ಬೀದಿಯ ಅರ್ಧ ಜನರ ಮಾನ ನಿಂತಿರುವುದೇ ತನ್ನ ಸೂಜಿಯ ಮೇಲೆ ಎಂದು ನಂಬಿದವಳಿಗೆ ಇದಕ್ಕಿಂತ ಅವಮಾನ ಬೇಕೆ? ಮೇಲಾಗಿ ಅದು ಅವಳ ಸೀಟು. ಭಾನುವಾರ ಸಂಜೆಯ ಸುತ್ತಾಟದಲ್ಲಿ ಅತ್ತೆ ಹಿಂದೆ, ಅವಳು ಮುಂದೆ, ಗಂಡನ ಪಕ್ಕ. ವಾರಕ್ಕೊಮ್ಮೆ ಅವನು ಅವಳವನಾಗುವುದು ಅಲ್ಲೇ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವನು ಅವಳ ಕಡೆ ತಿರುಗಿ ಒಂದು ನಗೆ ನಗುತ್ತಿದ್ದ. ಆ ನಗೆಯ ಮೇಲೆ ಅವಳ ಒಂದು ವಾರ ಕಳೆಯುತ್ತಿತ್ತು.

ರೋಗಿಗೆ ವಿಶ್ರಾಂತಿ ಬೇಕೆಂದು ಗಂಡ ಅಂಗಡಿಗೆ ನಡೆದೇ ಹೋದ. ಟೈಲರಮ್ಮ ಕೀಲಿ ತೆಗೆದುಕೊಂಡಳು. ಹರಿದಿತ್ತೆಂಬ ಗುರುತೂ ಉಳಿಯದ ಹಾಗೆ ಹೊಲಿದುಬಿಟ್ಟರೆ, ಮುಂದೆ ಅವನು ಆ ಸೀಟನ್ನು ಸವರಿದಾಗಲೆಲ್ಲ ಸವರುವುದು ತನ್ನ ಕೈಕೆಲಸವನ್ನೇ ಎಂಬುದು ಅವಳ ಲೆಕ್ಕಾಚಾರ.

ಜಗುಲಿಯಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆ, ಅವನು ಬೇಡ ಅಂದಿದ್ದನಲ್ಲ ಎಂದರು. ಬೇಡ ಅಂದಿದ್ದು ಅವರಲ್ಲ, ಆ ಸೀಟಿನವನು, ಅವನಿಗೆ ಹೊಟ್ಟೆಕಿಚ್ಚು ಎಂದಳು ಸೊಸೆ.

"ಹೊಟ್ಟೆಕಿಚ್ಚು ಯಾರಿಗೋ," ಎಂದು ಅತ್ತೆ ಮತ್ತೆ ಬಟಾಣಿಗೆ ಮರಳಿದರು.

ಹೊಲಿಗೆ ಅಮೋಘವಾಗಿ ಬಂತು. ಒತ್ತೊತ್ತಾಗಿ ಹಾಕಿದಷ್ಟೂ ಗಟ್ಟಿ ಎಂಬುದು ಬಟ್ಟೆ ಕಲಿಸಿದ ವಿದ್ಯೆ, ಹಾಗೇ ಹಾಕಿದಳು. ಉಗುರಿನಷ್ಟು ಜಾಗದಲ್ಲಿ ಮಾತ್ರ ಹೊಲಿಗೆ ಕಂಡರೆ ತೇಪೆಯಂತಾದೀತೆಂದು, ಅಂದಕ್ಕಾಗಿ ಅದನ್ನು ಸೀಟಿನ ಈ ತುದಿಯಿಂದ ಆ ತುದಿಯವರೆಗೂ ಎಳೆದಳು. ಬಟ್ಟೆಯಲ್ಲಿ ಸೂಜಿ ಚುಚ್ಚಿದ ತೂತು ನೂಲುಗಳ ನಡುವೆ ಮುಚ್ಚಿಹೋಗುತ್ತದೆ, ಚರ್ಮದಲ್ಲಿ ತೂತು ತೂತಾಗಿಯೇ ಉಳಿಯುತ್ತದೆ. ಅಂಚೆಚೀಟಿಗಳ ನಡುವೆ ಹರಿಯಲು ಅನುಕೂಲವಾಗಲೆಂದು ತೂತುಗಳ ಸಾಲು ಕೊರೆದಿರುತ್ತಾರಲ್ಲ, ಟೈಲರಮ್ಮ ಬಲು ಶ್ರದ್ಧೆಯಿಂದ ಅದನ್ನೇ ಮಾಡಿ ಮುಗಿಸಿದ್ದಳು. ಆಮೇಲೆ ರಾಣಿಯಂತೆ ಅದರ ಮೇಲೆ ಕುಳಿತಳು.

ಪರ್ರನೆ ಸದ್ದಾಯಿತು.

"ನಿಂದಾ, ಅವಳದಾ?" ಎಂದರು ಅತ್ತೆ, ತಲೆಯೆತ್ತದೆ.

"ಅವಳದು," ಎಂದಳು ಸೊಸೆ ಸಣ್ಣ ದನಿಯಲ್ಲಿ.

ಸೀಟು ಈ ಕಡೆಯಿಂದ ಆ ಕಡೆಗೆ ಬಾಯಿ ತೆರೆದುಕೊಂಡಿತ್ತು, ಒಳಗಿನ ಸ್ಪಂಜು ನಗುತ್ತಿತ್ತು. ಟೈಲರಮ್ಮ ಒಳಗೆ ಓಡಿದಳು. ಬೀರುವಿನಲ್ಲಿ ಕಡುನೇರಳೆ ಮಖಮಲ್ಲಿನ ಬಟ್ಟೆಯೊಂದಿತ್ತು. ತಂಗಿಯ ಮದುವೆಗೆ ಉಡುಪು ಹೊಲಿದುಕೊಳ್ಳಬೇಕು, ಗಂಡ ಆಗಲಾದರೂ ಕಣ್ಣರಳಿಸಲಿ ಎಂದು ಜೋಪಾನವಾಗಿ ಇಟ್ಟಿದ್ದದ್ದು. ಕತ್ತರಿ ಹಿಡಿದಾಗ ಅವಳಿಗೆ ಅಳುವೇ ಬಂತು. ಸಂಜೆಯ ಹೊತ್ತಿಗೆ ಸವತಿ ಮಖಮಲ್ಲು ತೊಟ್ಟು, ಅಂಚಿಗೆ ನೆರಿಗೆ ಇಳಿಬಿಟ್ಟುಕೊಂಡು ಸಿಂಗಾರವಾಗಿದ್ದಳು.

ಗಂಡ ಬಂದು ಬಾಗಿಲು ತೆರೆದ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಇದು ನೀನೇ ಹೊಲಿದ್ಯಾ?"

"ಗಾಯಕ್ಕೆ ಧೂಳು ಹೋಗ್ಬಾರ್ದಲ್ಲ ಅಂತ," ಎಂದಳು ಟೈಲರಮ್ಮ. ಹೇಗೋ ಬಾಯಿಗೆ ಬಂತು.

ಗಂಡ ಮಖಮಲ್ಲಿನ ನೆರಿಗೆಯನ್ನು ಸವರಿದ. ಇಷ್ಟು ದಿನ ಅವಳಿಗೆ ಕಾರು ಕಂಡರಾಗದು ಅಂದುಕೊಂಡಿದ್ದನಂತೆ, ತಪ್ಪು ತಿಳಿದಿದ್ದನಂತೆ. ಅವಳನ್ನೇ ನೆಟ್ಟ ನೋಟದಿಂದ ನೋಡಿ, ಗಿಡ್ಡ ಕೂದಲು ನಿನಗೆ ಒಪ್ಪುತ್ತದೆ ಎಂದೂ ಹೇಳಿದ. ಟೈಲರಮ್ಮನಿಗೆ ಆ ರಾತ್ರಿ ಸ್ವರ್ಗಕ್ಕೆ ಮೂರೇ ಗೇಣು.

ಭಾನುವಾರ ಸಂಜೆ ಅವಳು ಮುಂದಿನ ಬಾಗಿಲಿಗೆ ಕೈ ಹಾಕಿದಾಗ ಗಂಡ ಆ ಕೈಯನ್ನು ಮೆಲ್ಲಗೆ ಸರಿಸಿದ.

"ಮಖಮಲ್ಲು ನಲುಗುತ್ತೆ ಕಣೆ. ನೀನು ಹಿಂದೆ ಅಮ್ಮನ ಜೊತೆ ಕೂತ್ಕೋ."

ಅತ್ತೆ ತಮ್ಮ ಚೀಲ ಸರಿಸಿ ಜಾಗ ಮಾಡಿಕೊಟ್ಟರು. ಗಂಡ ಖಾಲಿ ಸೀಟಿಗೆ ಬೆಲ್ಟು ಕಟ್ಟಿದ, ಕವರು ಜಾರಬಾರದಂತೆ. ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಅವನು ಎಂದಿನ ಹಾಗೆ ಪಕ್ಕಕ್ಕೆ ತಿರುಗಿದ, ಅದೇ ನಗೆ ನಕ್ಕ. ಖಾಲಿ ಸೀಟಿಗೆ. ವಾರ ವಾರವೂ ಆ ನಗೆ ಯಾರಿಗೆ ಸಲ್ಲುತ್ತಿತ್ತೆಂಬುದು ಟೈಲರಮ್ಮನಿಗೆ ಆಗ ತಿಳಿಯಿತು.

ಕನ್ನಡಿಯಲ್ಲಿ ಅವಳ ಮುಖ ಕಂಡು ಗಂಡನಿಗೆ ಕನಿಕರ ಬಂದಿರಬೇಕು.

"ಬೇಜಾರಾ? ನಾಳೆ ಸೀಟಿನವನು ಬರ್ತಾನಲ್ಲ, ಕವರ್ ತೆಗೆದು ರಿಪೇರಿ ಮಾಡಿಸ್ಬಿಡೋಣ. ಆಮೇಲೆ ನೀನು ಮುಂದೆ ಬಾ."

ಅತ್ತೆ ಪೆಪ್ಪರಮಿಂಟು ಚೀಪುವುದನ್ನು ನಿಲ್ಲಿಸಿ ಸೊಸೆಯ ಮುಖ ನೋಡಿದರು. ಟೈಲರಮ್ಮ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ಬೇಡ, ಅವನನ್ನ ಕರೆಸ್ಬೇಡಿ," ಎಂದಳು. "ಕವರ್ ಹಾಗೇ ಇರ್ಲಿ. ಅದ್ರಲ್ಲಿ ಎಷ್ಟು ಚೆನ್ನಾಗಿ ಕಾಣ್ತಾಳೆ."

ಅತ್ತೆ ಅವಳ ಕೈಗೊಂದು ಪೆಪ್ಪರಮಿಂಟು ಇಟ್ಟರು.