ಕತ್ತೆಯ ಕಿವಿಯಿಂದ ನೂರು ಅಡಿ

ಬೆಂಟ್ ಕ್ರೀಕ್ ಕೌಂಟಿ ಚುನಾವಣಾ ಕಚೇರಿ
ಸಂಖ್ಯೆ: ಚುಕ/ಕತ್ತೆ/14/ತಿದ್ದುಪಡಿ-2
ದಿನಾಂಕ: ಅಕ್ಟೋಬರ್ 21

ವಿಷಯ: ಮತಗಟ್ಟೆಯ ಪಕ್ಕದ ಹುಲ್ಲುಗಾವಲಿನಲ್ಲಿ ರಾಜಕೀಯ ಪಕ್ಷವೊಂದರ ಚಿಹ್ನೆಯು ಮೇಯುತ್ತಿರುವ ಬಗ್ಗೆ.

ಉಲ್ಲೇಖ: 1) ಆನೆ ಪಕ್ಷದ ವೀಕ್ಷಕರ ದೂರು. 2) ಕತ್ತೆ ಪಕ್ಷದ ವೀಕ್ಷಕರ ಪ್ರತಿದೂರು. 3) ಇದೇ ಕಚೇರಿಯ ಅಕ್ಟೋಬರ್ 7ರ ಸುತ್ತೋಲೆ. 4) ಶ್ರೀಮತಿ ಲೊರೆಟ್ಟಾ ಕ್ವಿಗ್ಲಿ, ಕುರಿ ಸಾಕಣೆದಾರರು, ಇವರು ಕಚೇರಿಯ ಕಿಟಕಿಯ ಬಳಿ ನಿಂತು ಎರಡು ಬಾರಿ ನೀಡಿದ ಹೇಳಿಕೆ.

ಪ್ರಸ್ತಾವನೆ:

ಮತಗಟ್ಟೆಯ ಬಾಗಿಲಿನಿಂದ ನೂರು ಅಡಿಯೊಳಗೆ ಯಾವುದೇ ಪಕ್ಷದ ಚಿಹ್ನೆ ಕಾಣಿಸಕೂಡದೆಂಬುದು ನಿಯಮ. ಈ ದೇಶದ ಎರಡು ದೊಡ್ಡ ಪಕ್ಷಗಳ ಚಿಹ್ನೆಗಳು ಆನೆ ಮತ್ತು ಕತ್ತೆ. ಚರ್ಚಿನ ಸಭಾಂಗಣದ ಮತಗಟ್ಟೆಗೆ ತಾಗಿಕೊಂಡಿರುವ ಹುಲ್ಲುಗಾವಲಿನಲ್ಲಿ ಶ್ರೀಮತಿ ಕ್ವಿಗ್ಲಿ ಅವರ ಬಿಸ್ಕಿಟ್ ಎಂಬ ಕತ್ತೆಯು ಹನ್ನೊಂದು ವರ್ಷಗಳಿಂದ ಕುರಿ ಕಾಯುತ್ತಿತ್ತು. ಮುಂಗಡ ಮತದಾನದ ಮೊದಲ ದಿನ ಅದು ಬೇಲಿಯ ಮೇಲೆ ತಲೆಯಿಟ್ಟು, ಸಾಲಿನಲ್ಲಿದ್ದ ಹದಿನೇಳು ಮತದಾರರನ್ನು ನೋಡಿ ಅರಚಿರುವುದು ದೃಢಪಟ್ಟಿದೆ. ಈ ಬಗ್ಗೆ ಮಾಲೀಕರ ಮೊದಲ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

"ಹೊಸಬರು ಬಂದ್ರೆ ಅರಚೋದೇ ಅದರ ಕೆಲಸ ಕಣಪ್ಪಾ. ಕಯೋಟಿ ತೋಳ ಬಂದ್ರೂ ಹಂಗೇ ಅರಚುತ್ತೆ, ಒದ್ದು ಓಡಿಸುತ್ತೆ. ನಾನು ನಲವತ್ತು ವರ್ಷದಿಂದ ಆನೆಗೇ ಓಟು ಹಾಕ್ತಿದೀನಿ. ಬಿಸ್ಕಿಟ್ ಒಂದಿನಾನೂ ಬೇಜಾರು ಮಾಡ್ಕೊಂಡಿಲ್ಲ."

ಕತ್ತೆಯ ಬೇಜಾರು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ಆದಕಾರಣ ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸುವುದೇನೆಂದರೆ:

1. ಕತ್ತೆಯ ದೂರವನ್ನು ಅದರ ಹೊಟ್ಟೆಯಿಂದಲ್ಲ, ಮತಗಟ್ಟೆಯ ಕಡೆಗಿರುವ ಕಿವಿಯ ತುದಿಯಿಂದ ಅಳೆಯತಕ್ಕದ್ದು. ಅಳತೆಯ ನಡುವೆ ಕಿವಿ ಅಲ್ಲಾಡಿದಲ್ಲಿ ಮೂರು ಬಾರಿ ಅಳೆದು ಸರಾಸರಿ ತೆಗೆಯತಕ್ಕದ್ದು. ಸ್ಥಳಾಂತರಕ್ಕೆ ಮುನ್ನ ಸದರಿ ಕತ್ತೆಯು ಅರವತ್ತೊಂದು ಅಡಿಯಲ್ಲಿದ್ದುದು ಕಂಡುಬಂದಿದೆ.

2. ಮೊದಲ ಅರಚಾಟವನ್ನು ಸ್ವಭಾವವೆಂದು ಮನ್ನಿಸಲಾಗುವುದು. ಎರಡನೆಯದನ್ನು ಮತಯಾಚನೆ ಎಂದು ಪರಿಗಣಿಸಲಾಗುವುದು.

3. ಕತ್ತೆಗೆ ಟಾರ್ಪಾಲು ಹೊದಿಸುವ ಪ್ರಯೋಗವನ್ನು ಕೈಬಿಡಲಾಗಿದೆ. ಸರಬರಾಜಾದ ಟಾರ್ಪಾಲು ಬೂದುಬಣ್ಣದ್ದಾಗಿದ್ದು, ಮುಂಭಾಗದಲ್ಲಿ ಹಗ್ಗವೊಂದು ಜೋತುಬಿದ್ದಿದ್ದರಿಂದ ಕತ್ತೆಯು ದೂರದಿಂದ ಆನೆಯಂತೆ ಕಾಣುತ್ತಿತ್ತೆಂದು ಕತ್ತೆ ಪಕ್ಷದವರು ಪ್ರತಿದೂರು ಸಲ್ಲಿಸಿರುತ್ತಾರೆ. ಆನೆ ಪಕ್ಷದವರು ಆ ದಿನದ ಮಟ್ಟಿಗೆ ತಮ್ಮ ದೂರನ್ನು ಹಿಂಪಡೆದಿದ್ದರು.

4. ಹೇಸರಗತ್ತೆಯು ಅರ್ಧ ಮಾತ್ರ ಕತ್ತೆಯಾಗಿರುವುದರಿಂದ ಅದನ್ನು ಐವತ್ತು ಅಡಿಯಲ್ಲಿ ಕಟ್ಟಬಹುದು.

5. ಹಿಂದಿನ ಸುತ್ತೋಲೆಯಂತೆ ಅಕ್ಟೋಬರ್ 14ರಂದು ಕತ್ತೆಯನ್ನು ಎಂಟು ಮೈಲಿ ದೂರದ ಜಾತ್ರೆ ಮೈದಾನದ ಕೊಟ್ಟಿಗೆಗೆ ಸ್ಥಳಾಂತರಿಸಲಾಗಿದೆ. ಸಾಗಿಸುವಾಗ ಬೀದಿ ಬದಿಯಲ್ಲಿ ಯಾರೂ ಚಪ್ಪಾಳೆ ತಟ್ಟದಂತೆ ನೋಡಿಕೊಳ್ಳಲಾಗಿದೆ.

6. ಕುರಿಗಳ ರಕ್ಷಣೆಗಾಗಿ ಈ ಕಚೇರಿಯ ಸಹಾಯಕರೊಬ್ಬರನ್ನು ಕತ್ತೆಯ ಸ್ಥಾನದಲ್ಲಿ ಪ್ರಭಾರಿಯಾಗಿ ನೇಮಿಸಲಾಗಿತ್ತು. ಅವರು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಹುಲ್ಲುಗಾವಲಿನಲ್ಲಿ ಹಾಜರಿದ್ದರು. ಈ ಅವಧಿಯಲ್ಲಿ ಯಾವುದೇ ಅಹಿತಕರ ಘಟನೆ ನಡೆದಿಲ್ಲ.

7. ಕಚೇರಿ ವೇಳೆಯ ನಂತರ, ಒಂದು ವಾರದೊಳಗೆ, ಕಯೋಟಿಗಳಿಂದ ಮೂರು ಕುರಿಗಳು ಮೃತಪಟ್ಟಿರುತ್ತವೆ. ಮಾಲೀಕರ ಎರಡನೇ ಹೇಳಿಕೆ:

"ಬಿಸ್ಕಿಟ್ ಇದ್ದಾಗ ಹನ್ನೊಂದು ವರ್ಷದಲ್ಲಿ ಒಂದೇ ಒಂದು ಕುರಿ ಹೋಗಿರ್ಲಿಲ್ಲ. ಈಗ ಉಳಿದವು ಮೇಯೋದೇ ಬಿಟ್ಟಿವೆ. ಅದನ್ನ ಯಾವ ಕಡೆ ಕರ್ಕೊಂಡು ಹೋದ್ರೋ ಆ ಕಡೆಗೇ ಮುಖ ಮಾಡ್ಕೊಂಡು ಬೇಲಿಗೆ ಒರಗಿ ನಿಂತಿರ್ತಾವೆ. ನನಗೆ ನೋಡಕ್ಕಾಗ್ತಿಲ್ಲ. ನಿಮಗೆ ಕೈ ಮುಗೀತೀನಿ, ನನ್ನ ಕತ್ತೇನ ಕೊಟ್ಬಿಡಿ."

ಹೇಳಿಕೆಯಲ್ಲಿ 'ಕತ್ತೆ' ಎಂಬ ಪದವು ಚುನಾವಣಾ ಕಚೇರಿಯ ಆವರಣದಲ್ಲೇ ಉಚ್ಚರಿತವಾಗಿರುವುದನ್ನು ಈ ಬಾರಿ ಮನ್ನಿಸಲಾಗಿದೆ.

8. ಮೇಲ್ಕಂಡ ಕೋರಿಕೆಯನ್ನು ಸಹಾನುಭೂತಿಯಿಂದ ಪರಿಶೀಲಿಸಿ ತಿರಸ್ಕರಿಸಲಾಗಿದೆ. ಮತ ಎಣಿಕೆಗೆ ಮುನ್ನ ಕತ್ತೆಯು ಮನೆಗೆ ಮರಳಿದಲ್ಲಿ ಅದನ್ನು ವಿಜಯೋತ್ಸವವೆಂದು ಭಾವಿಸುವ ಸಂಭವವಿದೆ. ಮರುಎಣಿಕೆ ನಡೆದಲ್ಲಿ ಕೊಟ್ಟಿಗೆಯ ವಾಸ್ತವ್ಯವನ್ನು ಮುಂದುವರಿಸಲಾಗುವುದು.

9. ಕಯೋಟಿಗಳನ್ನು ಹುಲ್ಲುಗಾವಲಿನಿಂದ ದೂರವಿಡಬೇಕೆಂಬ ಮಾಲೀಕರ ಮನವಿಯ ಬಗ್ಗೆ ಸ್ಪಷ್ಟೀಕರಣ: ಕಯೋಟಿಯು ಯಾವುದೇ ನೋಂದಾಯಿತ ಪಕ್ಷದ ಚಿಹ್ನೆಯಾಗಿರುವುದಿಲ್ಲ. ಮತಗಟ್ಟೆಯಿಂದ ನೂರು ಅಡಿಯೊಳಗೆ ಅದರ ಸಂಚಾರಕ್ಕೆ ನಿಯಮಾನುಸಾರ ಯಾವ ಅಡ್ಡಿಯೂ ಇರುವುದಿಲ್ಲ.

10. ಮೃತ ಕುರಿಗಳ ಬಗ್ಗೆ ಈ ಕಚೇರಿಯು ವಿಷಾದ ವ್ಯಕ್ತಪಡಿಸುತ್ತದೆ. ವಿಷಾದವು ಎರಡೂ ಪಕ್ಷಗಳಿಗೆ ಸಮನಾಗಿ ಅನ್ವಯಿಸತಕ್ಕದ್ದು.

ಈ ಆದೇಶವು ತಕ್ಷಣದಿಂದ ಜಾರಿಗೆ ಬರತಕ್ಕದ್ದು.

ಸಹಿ/-
(ಮರ್ವಿನ್ ಸ್ಲೋಕಮ್)
ಉಪ ಚುನಾವಣಾಧಿಕಾರಿ

ಪ್ರತಿಗಳು:

1. ಆನೆ ಪಕ್ಷದ ವೀಕ್ಷಕರು, ಮಾಹಿತಿಗಾಗಿ.

2. ಕತ್ತೆ ಪಕ್ಷದ ವೀಕ್ಷಕರು, ಅಷ್ಟೇ ಗಾತ್ರದ ಕಾಗದದಲ್ಲಿ.

3. ಜಾತ್ರೆ ಮೈದಾನದ ಮೇಲ್ವಿಚಾರಕರು. ಹಿಂದಿನ ಸುತ್ತೋಲೆಯ ಪ್ರತಿಯನ್ನು ಕತ್ತೆಯು ತಿಂದಿರುವುದರಿಂದ ಇದನ್ನು ಎತ್ತರದಲ್ಲಿ ಅಂಟಿಸತಕ್ಕದ್ದು.

4. ಪ್ರಭಾರಿ ಕತ್ತೆ, ಅಂದರೆ ಈ ಕಚೇರಿಯ ಸಹಾಯಕರು.

5. ಶ್ರೀಮತಿ ಲೊರೆಟ್ಟಾ ಕ್ವಿಗ್ಲಿ, ಖುದ್ದಾಗಿ.

6. ಕುರಿಗಳು, ಬೇಲಿಯ ಮೂಲಕ. ಹಿಂದಿನ ಸುತ್ತೋಲೆಗೆ ಹದಿನಾಲ್ಕು ಪ್ರತಿ ತೆಗೆಯಲಾಗಿತ್ತು. ಈ ಬಾರಿ ಹನ್ನೊಂದು ಸಾಕು.